ನಾನು ಅಳಿಸಿದ ಹೆಸರುಗಳು

ಆ ಶುಕ್ರವಾರ ಸಂಜೆ ಐದರ ಹೊತ್ತಿಗೆ ಟೀಚರ್ ನನ್ನ ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ಒಂದು ಕೈಯಲ್ಲಿ ಬಿಳಿ ಕೋಲು, ಇನ್ನೊಂದು ಕೈ ಅವರ ತಮ್ಮನ ಭುಜದ ಮೇಲೆ. ಅವನು ಕಂಪ್ಯೂಟರಿನ ಡಬ್ಬವನ್ನು ಎದೆಗೆ ಅಪ್ಪಿ ಹಿಡಿದಿದ್ದ. ಅದಕ್ಕೆ ಹಳೆಯ ಸೀರೆಯೊಂದನ್ನು ಸುತ್ತಿ, ಮೇಲೆ ಗೊಬ್ಬರದ ಚೀಲ ಹೊದಿಸಿದ್ದರು. ಅಕ್ಕೂರಿನ ಕಡೆಯಿಂದ ಬೈಕಿನಲ್ಲಿ ಬಂದಿದ್ದರು. ದಾರಿಯುದ್ದಕ್ಕೂ ಡಬ್ಬ ಟೀಚರ ತೊಡೆಯ ಮೇಲಿತ್ತಂತೆ.

ನನ್ನ ಅಂಗಡಿ ಇರುವುದು ಚನ್ನಪಟ್ಟಣದಲ್ಲಿ, ನಮ್ಮ ಮನೆಯ ಮೇಲಂತಸ್ತಿನ ಮುಂದಿನ ಕೋಣೆಯಲ್ಲಿ. ಕೆಳಗೆ ನನ್ನ ಅಬ್ಬಾ, ಅಂದರೆ ಅಪ್ಪ, ಮರ ತಿರುಗಿಸುವ ಲೇತ್ ಹಾಕಿಕೊಂಡು ಬೊಂಬೆ ಕಡೆಯುತ್ತಾರೆ. ಕಂಪ್ಯೂಟರ್ ರಿಪೇರಿ ಮಾಡುವವಳು ಹೆಂಗಸು ಎಂದು ತಿಳಿದಾಗ ಕೆಲವರು ಬಾಗಿಲಲ್ಲೇ ಒಂದು ಕ್ಷಣ ನಿಲ್ಲುತ್ತಾರೆ. ಟೀಚರ್ ನನ್ನ ದನಿ ಕೇಳಿ, "ಓ, ಅಕ್ಕ ಒಬ್ರು ಇದೀರಾ, ಒಳ್ಳೇದಾಯ್ತು" ಎಂದು ನಗುತ್ತಾ ಕುರ್ಚಿಯನ್ನು ಕೈಯಿಂದ ಮುಟ್ಟಿ ನೋಡಿ ಕೂತರು.

ಅವರು ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವರು. ಹುಟ್ಟಿನಿಂದಲೇ ಕಣ್ಣು ಕಾಣದು. ಪರದೆಯ ಮೇಲಿರುವುದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ಒಂದು ಉಚಿತ ತಂತ್ರಾಂಶವಿದೆ. ಅದರ ದನಿ ಕೇಳಿಕೊಂಡು, ಕೀಲಿಮಣೆಯ ಮೇಲೆ ಬೆರಳಾಡಿಸುತ್ತಾ ಅವರು ಕೆಲಸ ಮಾಡುತ್ತಾರೆ. ಒಂದು ತಿಂಗಳಿಂದ ಆ ದನಿ ತೊದಲತೊಡಗಿತ್ತು. ಆಮೇಲೆ ಮಧ್ಯದಲ್ಲೇ ನಿಂತುಹೋಗುತ್ತಿತ್ತು. ದನಿ ನಿಂತಾಗ ಏನಾಯಿತೆಂದು ಅವರಿಗೆ ತಿಳಿಯುವುದಿಲ್ಲ. ತಮ್ಮನೇ ನೋಡಿ ಹೇಳಬೇಕು.

"ಪೂರಾ ನೀಲಿ ಬಣ್ಣ ಬಂದ್ಬುಡ್ತದೆ ಕಣಕ್ಕಾ. ಇಂಗ್ಲೀಸ್ನಾಗೆ ಏನೋ ಬರ್ದಿರ್ತದೆ. ಓದಾಣ ಅನ್ನಗಂಟ ಅದೇ ಆಫಾಗಿ ಆನಾಯ್ತದೆ" ಎಂದ ತಮ್ಮ.

"ಯಾವತ್ತಿಗೆ ಬೇಕು?" ಎಂದೆ.

"ಸೋಮವಾರ ಬೆಳಗ್ಗೆ ಸ್ಕೂಲಿಗೆ ತಗೊಂಡೋಗ್ಬೇಕು ಅಕ್ಕ" ಎಂದರು ಟೀಚರ್. ಯಾಕೆಂದು ನಾನು ಕೇಳಲಿಲ್ಲ. ಎಲ್ಲರಿಗೂ ಸೋಮವಾರವೇ ಬೇಕಿರುತ್ತದೆ.

ಚಾಲೂ ಮಾಡಿ ನೋಡಿದೆ. ಎರಡು ನಿಮಿಷ ಸರಿಯಾಗಿತ್ತು, ಆಮೇಲೆ ನೀಲಿ ಪರದೆ. ಇನ್ನೊಮ್ಮೆ ಮಾಡಿದೆ, ಈ ಸಲ ಒಂದೇ ನಿಮಿಷ. ಏಳು ವರ್ಷದ ಹಿಂದೆ ಹಾಕಿದ ವಿಂಡೋಸ್, ನಡುವೆ ಒಮ್ಮೆಯೂ ಹೊಸದಾಗಿ ಹಾಕಿಲ್ಲ. ಇಂಥವನ್ನು ನಾನು ನೂರಾರು ಕಂಡಿದ್ದೆ. ಡಿಸ್ಕಿನಲ್ಲಿರುವ ಫೈಲುಗಳನ್ನು ಬೇರೆ ಕಡೆ ತೆಗೆದಿಟ್ಟು, ಡಿಸ್ಕನ್ನು ಫಾರ್ಮ್ಯಾಟ್ ಮಾಡಿ, ಅಂದರೆ ಒರೆಸಿ ಖಾಲಿ ಮಾಡಿ, ವಿಂಡೋಸನ್ನು ಮೊದಲಿಂದ ಹಾಕುವುದೆಂದು ತೀರ್ಮಾನಿಸಿದೆ.

"ನಿಮ್ಮ ಫೈಲ್‌ಗಳಲ್ಲಿ ಯಾವುದು ಬೇಕು ಮಿಸ್?"

"ಎಲ್ಲಾನೂ ಬೇಕು. ನನ್ನ ನೋಟ್ಸು, ಪ್ರಶ್ನೆಪತ್ರಿಕೆ, ಮಕ್ಕಳ ಪಟ್ಟಿ. ಆಮೇಲೆ ಆ ದನಿದು ಏನೇನ್ ಮಾಡ್ಕೊಂಡಿದೀನೋ ಅದೂ ಹಂಗೇ ಇರ್ಬೇಕು."

ನಾನು ತಲೆಯಾಡಿಸಿದೆ. ಅವರು ಉತ್ತರಕ್ಕೆ ಕಾಯುತ್ತಾ ಮುಖ ನನ್ನ ಕಡೆಗೇ ಇಟ್ಟುಕೊಂಡಿದ್ದರು. ನನಗೆ ಆಗ ಹೊಳೆದು, "ಆಯ್ತು ಮಿಸ್, ಎಲ್ಲಾ ಇರುತ್ತೆ" ಎಂದೆ. ದನಿಯದು ಎಂದರೆ ಆ ಓದುವ ತಂತ್ರಾಂಶ, ಅದು ಉಚಿತವಾಗಿ ಸಿಗುತ್ತದೆ, ಮತ್ತೆ ಹಾಕಿದರಾಯಿತು ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದೆ.

ಅವರು ಹೋದ ಮೇಲೆ ಡಿಸ್ಕನ್ನು ಬಿಚ್ಚಿ ನನ್ನ ಕಂಪ್ಯೂಟರಿಗೆ ಸಿಕ್ಕಿಸಿದೆ. ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಹಾಡುಗಳು, ಎಲ್ಲವನ್ನೂ ನಕಲು ಮಾಡಿಕೊಂಡೆ. ಎಣಿಕೆ ತಾಳೆ ನೋಡಿದೆ. ಡಿಸ್ಕನ್ನು ಮತ್ತೆ ಡಬ್ಬಕ್ಕೆ ಕೂರಿಸಿ, ಪೆನ್‌ಡ್ರೈವಿನಿಂದ ಹೊಸ ವಿಂಡೋಸ್ ಹಾಕಲು ಶುರು ಮಾಡಿದೆ. ಯಾವ ಭಾಗಕ್ಕೆ ಹಾಕಬೇಕೆಂದು ಅದು ಕೇಳಿದಾಗ ಹಳೆಯ ವಿಂಡೋಸಿದ್ದ ಸಿ ಭಾಗವನ್ನು ಆರಿಸಿ ಫಾರ್ಮ್ಯಾಟ್ ಒತ್ತಿದೆ. ನಾಲ್ಕು ಸೆಕೆಂಡಿನ ಕೆಲಸ.

ಶೇಕಡಾ ನಲವತ್ತೊಂದಕ್ಕೆ ಬಂದು ನಿಂತಿತು. ಬೇಕಾದ ಫೈಲುಗಳು ಸಿಗುತ್ತಿಲ್ಲ ಅಥವಾ ಕೆಟ್ಟಿವೆ ಎಂಬ ಸಂದೇಶ. ಪೆನ್‌ಡ್ರೈವ್ ಸರಿಯಿಲ್ಲದಿದ್ದರೆ ಹೀಗಾಗುತ್ತದೆ. ಅದನ್ನೇ ಬೇರೆ ಪೋರ್ಟಿಗೆ ಹಾಕಿ ನೋಡಿದೆ, ಈ ಸಲ ಎಪ್ಪತ್ತಮೂರಕ್ಕೆ ನಿಂತಿತು. ಅಂದಿನ ಕೆಲಸ ಅಲ್ಲಿಗೆ ಬಿಟ್ಟೆ.

ಶನಿವಾರ ಬೆಳಗ್ಗೆ ಎಂಟಕ್ಕೇ ಕೂತೆ. ಹೊಸ ಪೆನ್‌ಡ್ರೈವಿಗೆ ವಿಂಡೋಸನ್ನು ಮತ್ತೆ ಇಳಿಸಿಕೊಂಡು ಬರೆದೆ. ಅದು ಹದಿನೆಂಟಕ್ಕೇ ನಿಂತಿತು. ಹಾಗಾದರೆ ಡಿಸ್ಕೇ ಹೋಗಿರಬೇಕೆಂದು ಅದರ ಆರೋಗ್ಯ ಪರೀಕ್ಷಿಸಿದೆ. ಒಂದೂ ಕೆಟ್ಟ ಜಾಗವಿಲ್ಲ. ಡಿಸ್ಕಿನ ಕೇಬಲ್ ಬದಲಿಸಿದೆ. ಐವತ್ತಾರಕ್ಕೆ ನಿಂತಿತು. ಅಷ್ಟು ಹೊತ್ತಿಗೆ ನನಗೆ ಒಂದು ವಿಷಯ ಖಾತ್ರಿಯಾಗಿತ್ತು: ಅದು ನಿಲ್ಲುವ ಜಾಗ ಪ್ರತಿ ಸಲ ಬೇರೆ. ಫೈಲೇ ಕೆಟ್ಟಿದ್ದರೆ ಒಂದೇ ಜಾಗದಲ್ಲಿ ನಿಲ್ಲಬೇಕಿತ್ತು. ಫೈಲು ಬರುವಾಗ ಸರಿಯಾಗಿದೆ, ದಾರಿಯಲ್ಲಿ ಕೆಡುತ್ತಿದೆ. ದಾರಿ ಎಂದರೆ ರ್‍ಯಾಮ್. ಡಿಸ್ಕಿಗೆ ಹೋಗುವ ಮುಂಚೆ ಎಲ್ಲವೂ ಸ್ವಲ್ಪ ಹೊತ್ತು ತಂಗುವುದು ಅಲ್ಲೇ.

ರ್‍ಯಾಮ್ ಪರೀಕ್ಷಿಸುವ ಸಾಧನ ಹಾಕಿದ ಮೂರೇ ನಿಮಿಷಕ್ಕೆ ಪರದೆಯ ತುಂಬ ಕೆಂಪು ಸಾಲುಗಳು. ಡಬ್ಬ ಬಿಚ್ಚಿ ಎರಡೂ ರ್‍ಯಾಮ್ ಪಟ್ಟಿಗಳನ್ನು ಕಿತ್ತು ಬೆಳಕಿಗೆ ಹಿಡಿದೆ. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಕಡೆಯಿಂದ ಬರುವ ಕಂಪ್ಯೂಟರುಗಳ ಒಳಗೆ ಮರದ ಹುಡಿ ತುಂಬಿರುತ್ತದೆ, ಅದು ನನಗೆ ಗೊತ್ತು. ಇದರಲ್ಲಿ ಹುಡಿ ಇರಲಿಲ್ಲ. ಚಿನ್ನದ ಬಣ್ಣದಲ್ಲಿ ಹೊಳೆಯಬೇಕಿದ್ದ ಅಂಚಿನ ಮೇಲೆ ಹಸಿರು ಕಿಲುಬು ಕೂತಿತ್ತು. ಪಟ್ಟಿ ಕೂರುವ ಒಂದು ತೂತಿನ ಒಳಗೂ ಅದೇ ಹಸಿರು.

ತಮ್ಮನಿಗೆ ಫೋನ್ ಮಾಡಿ, ಕಂಪ್ಯೂಟರನ್ನು ಮನೆಯಲ್ಲಿ ಎಲ್ಲಿ ಇಟ್ಟಿದ್ದೀರಿ ಎಂದು ಕೇಳಿದೆ.

"ಹುಳಿನ ಮನೆ ಪಕ್ಕದ ರೂಮ್ನಾಗೆ ಕಣಕ್ಕಾ. ಅಲ್ಲೇ ಒಸಿ ತಣ್ಣಗಿರ್ತದೆ ಅಂತ."

ಹುಳಿನ ಮನೆ ಎಂದರೆ ರೇಷ್ಮೆಹುಳು ಸಾಕುವ ಮನೆ. ಪ್ರತಿ ಬೆಳೆ ಮುಗಿದ ಮೇಲೆ ರೋಗ ಬಾರದಂತೆ ಅದನ್ನು ಬ್ಲೀಚಿಂಗ್ ಪುಡಿಯ ನೀರು ಹೊಡೆದು ತೊಳೆಯುತ್ತಾರೆ. ಆ ಘಾಟು ಗೋಡೆಯ ಮೇಲಿನ ಕಿಂಡಿಯಿಂದ ಪಕ್ಕದ ಕೋಣೆಗೆ ಬಂದು, ಏಳು ವರ್ಷ ಈ ಲೋಹವನ್ನು ತಿಂದಿತ್ತು. ಹುಳಕ್ಕೆ ಆರೋಗ್ಯ ಕೊಟ್ಟದ್ದು ಕಂಪ್ಯೂಟರಿಗೆ ಕಾಯಿಲೆ ತಂದಿತ್ತು. ರಬ್ಬರಿನಿಂದ ಒಂದು ಪಟ್ಟಿಯ ಅಂಚನ್ನು ಮೆಲ್ಲಗೆ ಉಜ್ಜಿ, ಸ್ಪಿರಿಟಿನಲ್ಲಿ ಒರೆಸಿದೆ. ಇನ್ನೊಂದನ್ನು ಕಿಲುಬಿನ ಸಮೇತ ಮೇಜಿನ ಮೇಲಿಟ್ಟೆ. ಕೆಟ್ಟ ತೂತನ್ನು ಬಿಟ್ಟು, ಒರೆಸಿದ ಪಟ್ಟಿಯನ್ನು ಒಳ್ಳೆಯ ತೂತಿಗೆ ಕೂರಿಸಿ ಪರೀಕ್ಷೆ ಹಾಕಿದೆ. ಒಂದು ಗಂಟೆ ಓಡಿತು, ಒಂದೂ ಕೆಂಪು ಸಾಲು ಬರಲಿಲ್ಲ.

ಹನ್ನೆರಡರ ಹೊತ್ತಿಗೆ ವಿಂಡೋಸ್ ಎಲ್ಲೂ ನಿಲ್ಲದೆ ಪೂರ್ತಿಯಾಯಿತು. ಶಬ್ದ ಮಾತ್ರ ಬರುತ್ತಿರಲಿಲ್ಲ. ಅದಕ್ಕೆ ಬೇಕಾದ ಡ್ರೈವರ್ ತಂತ್ರಾಂಶ ಹುಡುಕಿ ಹಾಕಿದೆ. ಓದುವ ತಂತ್ರಾಂಶ ಹಾಕಿದೆ, ಕನ್ನಡದ ದನಿಯನ್ನು ಆರಿಸಿದೆ, ನಕಲು ಮಾಡಿದ್ದ ಫೈಲುಗಳನ್ನೆಲ್ಲ ಮೊದಲಿದ್ದ ಜಾಗಕ್ಕೇ ಇಟ್ಟೆ. ಕಷ್ಟದ ಕಾಯಿಲೆಯನ್ನು ಕಂಡುಹಿಡಿದ ಹೆಮ್ಮೆಯಲ್ಲಿ ಕೆಳಗಿಳಿದು ಊಟ ಮಾಡಿದೆ.

ಶನಿವಾರ ಬೆಳಗಿನ ಶಾಲೆ ಮುಗಿಸಿ ಒಂದೂವರೆಗೆ ಟೀಚರ್ ಬಂದರು. ತಮ್ಮನೂ ಜೊತೆಗಿದ್ದ. ಹಸಿರು ಕಿಲುಬಿನ ಕಥೆಯನ್ನು ನಾನು ಉತ್ಸಾಹದಿಂದ ಹೇಳಿದೆ. ತಮ್ಮ ರ್‍ಯಾಮ್ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ನಾವ್ ಹೊಡಿಯಾ ಪುಡಿ ಇಲ್ಲೀಗಂಟ ಬಂದದಾ!" ಎಂದು ಬೆರಗಾದ. ಟೀಚರ್ ಕುರ್ಚಿಗೆ ಕೂತು ಕೀಲಿಮಣೆಯ ಮೇಲೆ ಬೆರಳಿಟ್ಟರು. ಮಕ್ಕಳ ಪಟ್ಟಿ ತೆರೆದರು. ಆ ಪಟ್ಟಿ ಇಂಗ್ಲಿಷ್ ಅಕ್ಷರದಲ್ಲಿ ಇರುವಂಥದು, ಇಲಾಖೆಯ ದಾಖಲೆಯಲ್ಲಿರುವಂತೆ. ದನಿ ಓದತೊಡಗಿತು. ಎರಡು ಸಾಲು ಕೇಳಿ ಅವರ ಬೆರಳು ನಿಂತಿತು.

"ಅಕ್ಕ, ಇದು ಅಕ್ಕೂರನ್ನ 'ಏಕರ್' ಅಂತಿದೆ."

ನನಗೆ ಅರ್ಥವಾಗಲಿಲ್ಲ.

"ನನ್ನ ಡಿಕ್ಷನರಿ ಎಲ್ಲಿ?"

ಆಗ ಅವರು ವಿವರಿಸಿದರು. ಆ ದನಿಗೆ ನಮ್ಮ ಕಡೆಯ ಹೆಸರುಗಳು ಬಾಯಿಗೆ ಬರುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಇದ್ದರಂತೂ ಮಕ್ಕಳ ಹೆಸರು, ಅಪ್ಪ ಅಮ್ಮಂದಿರ ಹೆಸರು, ಊರಿನ ಹೆಸರು ಎಲ್ಲವನ್ನೂ ಕಲಸಿಬಿಡುತ್ತದೆ. ಹಾಗಾಗಿ ಆ ತಂತ್ರಾಂಶದಲ್ಲಿ ಒಂದು ಉಚ್ಚಾರಣೆಯ ಡಿಕ್ಷನರಿ ಇರುತ್ತದೆ. ಹೀಗೆ ಬರೆದಿದ್ದರೆ ಹೀಗೆ ಹೇಳು ಎಂದು ಒಂದೊಂದಾಗಿ ಅದರಲ್ಲಿ ಸೇರಿಸಬಹುದು. ಟೀಚರ್ ಏಳು ವರ್ಷದಿಂದ ಸೇರಿಸುತ್ತಾ ಬಂದಿದ್ದರು. ಸಾವಿರದ ಮುನ್ನೂರು ಚಿಲ್ಲರೆ ಸಾಲುಗಳು. ಚಂದನ್ ಎಂಬ ಹುಡುಗನನ್ನೂ ಚಂದನ ಎಂಬ ಹುಡುಗಿಯನ್ನೂ ದನಿ ಒಂದೇ ತರಹ ಕೂಗುತ್ತಿದ್ದುದರಿಂದ, ಹುಡುಗಿಯ ಹೆಸರಿಗೆ ಅವಳ ಊರನ್ನೂ ಸೇರಿಸಿ ಕಲಿಸಿದ್ದರು.

"ಸೋಮವಾರ ಹತ್ತನೇ ಕ್ಲಾಸಿನ ಆಂತರಿಕ ಅಂಕ ಇಲಾಖೆ ವೆಬ್‌ಸೈಟಿಗೆ ಏರಿಸ್ಬೇಕು" ಎಂದರು. "ಇಷ್ಟ್ ವರ್ಷ ನನ್ನ ಸಬ್ಜೆಕ್ಟಿಂದೂ ಬೇರೆ ಮೇಷ್ಟ್ರೇ ಏರಿಸ್ತಿದ್ರು. ನಾನು ಪಕ್ಕದಲ್ಲಿ ಕೂತು ಅಂಕ ಹೇಳ್ತಿದ್ದೆ. ಈ ಸಲ ಎಚ್ಚೆಮ್ ಹತ್ರ ಹೋಗಿ, ನಾನೇ ಮಾಡ್ತೀನಿ ಸಾರ್, ಯಾರೂ ಬೇಡ ಅಂದ್ಬುಟ್ಟು ಬಂದಿದೀನಿ. ಹೆಸರೇ ತಿಳೀದಿದ್ರೆ ಯಾರ ಅಂಕ ಯಾರಿಗೆ ಹಾಕ್ಲಿ?"

ನಾನು ನನ್ನ ಕಂಪ್ಯೂಟರಿನಲ್ಲಿ ಹುಡುಕಿದೆ. ಆ ಡಿಕ್ಷನರಿ ಫೈಲು ಇರುವ ಜಾಗ ಡಾಕ್ಯುಮೆಂಟ್ಸ್ ಅಲ್ಲ. ಪ್ರತಿಯೊಬ್ಬ ಬಳಕೆದಾರರ ಹೆಸರಿನಲ್ಲೂ ಕಣ್ಣಿಗೆ ಕಾಣದಂತೆ ಮುಚ್ಚಿಟ್ಟ ಒಂದು ಫೋಲ್ಡರ್ ಇರುತ್ತದೆ, ತಂತ್ರಾಂಶಗಳು ತಮ್ಮ ಸಾಮಾನು ಇಟ್ಟುಕೊಳ್ಳುವ ಗೂಡು. ಅದನ್ನು ನಾನು ನಕಲು ಮಾಡಿರಲಿಲ್ಲ. ಮಾಡುವ ಅಭ್ಯಾಸವೇ ನನಗಿರಲಿಲ್ಲ. ಅದರ ಮೇಲೆ ಫಾರ್ಮ್ಯಾಟ್ ಆಗಿ, ಐದು ಸಲ ವಿಂಡೋಸ್ ಬರೆಯಲಾಗಿತ್ತು.

ನನ್ನ ಬಾಯಿಗೆ ಬಂದ ಮೊದಲ ಮಾತು, "ರ್‍ಯಾಮ್ ಕೆಟ್ಟಿತ್ತಲ್ಲ ಮಿಸ್..." ಎಂಬುದು. ಅಷ್ಟು ಹೇಳಿದ್ದೆ ಕೂಡ. ಹಸಿರು ಕಿಲುಬು ಮೇಜಿನ ಮೇಲೇ ಇತ್ತು, ತಮ್ಮ ಅದನ್ನು ಕಣ್ಣಾರೆ ನೋಡಿದ್ದ. ಅದರಿಂದ ನಿಮ್ಮ ಡಿಕ್ಷನರಿ ಕೆಟ್ಟುಹೋಯಿತು ಎಂದಿದ್ದರೆ ಇಬ್ಬರೂ ನಂಬುತ್ತಿದ್ದರು, ಪಾಪ ನೀವೇನು ಮಾಡ್ತೀರಿ ಎಂದು ಎದ್ದು ಹೋಗುತ್ತಿದ್ದರು. ಟೀಚರ್ ಮುಖ ನನ್ನ ಕಡೆ ತಿರುಗಿಸಿ, ಹಿಂದಿನ ದಿನದಂತೆಯೇ ಮಾತು ಪೂರ್ತಿಯಾಗುವುದಕ್ಕೆ ಕಾಯುತ್ತಿದ್ದರು. ಅವರ ಪಾಲಿಗೆ ಆ ಕೋಣೆಯಲ್ಲಿ ನನ್ನ ಮಾತೊಂದೇ ಇತ್ತು. ನಾನು ಹೇಳಿದ್ದೇ ನಡೆದದ್ದಾಗುತ್ತಿತ್ತು.

"ರ್‍ಯಾಮಿಂದ ಹೋಗಿಲ್ಲ ಮಿಸ್" ಎಂದೆ. "ನಾನೇ ಅಳಿಸ್ದೆ. ನೀವು ನಿನ್ನೆ ಹೇಳಿದ್ರಿ. ನಾನು ಸರಿಯಾಗಿ ಕೇಳ್ದೆ ಹೂಂ ಅಂದ್ಬಿಟ್ಟೆ. ನಂದೇ ತಪ್ಪು."

ಟೀಚರ್ ಕೈಗಳನ್ನು ಕೀಲಿಮಣೆಯ ಮೇಲಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ತಮ್ಮನ ದನಿ ಏರಿತು. "ಅಲ್ಲ ಕಣಕ್ಕಾ, ನಮ್ಮಕ್ಕ ಬುಡಿಸಿ ಬುಡಿಸಿ ಯೋಳುದ್ಲಲ್ಲ! ದಿನಾ ಸಂಜೆ ಸ್ಕೂಲಿಂದ ಬಂದು ಒಂದೊಂದೇ ಹೆಸ್ರು ಕುಟ್ತಾ ಕೂತಿರೋಳು. ಏಳೊರ್ಸ!"

"ಸುಮ್ನಿರೋ" ಎಂದರು ಟೀಚರ್. ಆಮೇಲೆ ನನಗೆ, "ಪೂರಾ ಹೋಯ್ತಾ ಅಕ್ಕ? ಏನೂ ಮಾಡಕ್ಕಾಗಲ್ವಾ?" ಎಂದರು.

ನಾನು ಗೋಡೆಯ ಸ್ವಿಚ್ಚು ಆರಿಸಿದೆ. ಕಂಪ್ಯೂಟರನ್ನು ಪದ್ಧತಿಯಂತೆ ಮುಚ್ಚಲೂ ಇಲ್ಲ, ಯಾಕೆಂದರೆ ಮುಚ್ಚುವಾಗಲೂ ಅದು ಡಿಸ್ಕಿಗೆ ಏನಾದರೂ ಬರೆಯುತ್ತದೆ. ಫಾರ್ಮ್ಯಾಟ್ ಎಂದರೆ ಪುಸ್ತಕದ ಪರಿವಿಡಿ ಹರಿದಂತೆ, ಪುಟಗಳು ಅಲ್ಲೇ ಇರುತ್ತವೆ. ಆ ಪುಟಗಳ ಮೇಲೆ ಹೊಸದು ಏನನ್ನು ಬರೆದರೂ ಹಳೆಯದು ಅಷ್ಟು ಹೋಗುತ್ತದೆ. ನಾನು ಬರೆದಿದ್ದು ಸುಮಾರು ಇಪ್ಪತ್ತೈದು ಜಿಬಿ. ಸಿ ಭಾಗ ನೂರಿಪ್ಪತ್ತು. ಉಳಿದ ಜಾಗದಲ್ಲಿ ಎಲ್ಲೋ ಅದು ಇರಬಹುದು, ಇಲ್ಲದೆಯೂ ಇರಬಹುದು. ಇದನ್ನೆಲ್ಲ ಹೀಗೇ ಅವರಿಗೆ ಹೇಳಿದೆ. ಭರವಸೆ ಕೊಡಲಿಲ್ಲ.

ಡಿಸ್ಕನ್ನು ಹೊರತೆಗೆದು, ವಿಂಡೋಸ್ ಬದಲು ಲಿನಕ್ಸ್ ಇರುವ ನನ್ನ ಇನ್ನೊಂದು ಕಂಪ್ಯೂಟರಿಗೆ, ಓದಲು ಮಾತ್ರ ಬರುವಂತೆ ಹಚ್ಚಿದೆ. ಸಿ ಭಾಗವನ್ನು ಮೊದಲಿಂದ ಕೊನೆಯವರೆಗೆ ಇದ್ದ ಹಾಗೇ ಇನ್ನೊಂದು ಡಿಸ್ಕಿಗೆ ನಕಲು ತೆಗೆದೆ. ಇನ್ನು ಏನು ಮಾಡಿದರೂ ನಕಲಿನ ಮೇಲೇ. ಅದು ಮುಗಿಯುವಷ್ಟರಲ್ಲಿ ಅಬ್ಬಾ ಮೇಲಕ್ಕೆ ಟೀ ಕಳಿಸಿದರು. ಮೂವರೂ ಕುಡಿದೆವು.

ಕಳೆದ ಫೈಲನ್ನು ಹೆಸರಿನಿಂದ ಹುಡುಕುವ ಸಾಧನ ಮೊದಲು ಓಡಿಸಿದೆ. ಸಾವಿರಾರು ಚೂರುಗಳು ಬಂದವು, ಡಿಕ್ಷನರಿ ಬರಲಿಲ್ಲ. ಪರಿವಿಡಿ ಇದ್ದ ಜಾಗದ ಮೇಲೇ ಹೊಸ ಪರಿವಿಡಿ ಕೂತಿತ್ತು. ಉಳಿದದ್ದು ಒಂದೇ ದಾರಿ. ಅದು ಬರಿಯ ಅಕ್ಷರಗಳ ಫೈಲು. ಅದರಲ್ಲಿ ಇದ್ದು ಬೇರೆಲ್ಲೂ ಇಲ್ಲದ ಒಂದು ಪದ ಗೊತ್ತಾದರೆ, ನೂರಿಪ್ಪತ್ತು ಜಿಬಿಯ ಉದ್ದಕ್ಕೂ ಆ ಪದವನ್ನು ಹುಡುಕುತ್ತಾ ಹೋಗಬಹುದು.

"ಮಿಸ್, ನೀವು ಡಿಕ್ಷನರಿಲಿ ಬರ್ದಿದ್ದು, ಇನ್ನೆಲ್ಲೂ ಯಾವತ್ತೂ ಬರೀದೆ ಇರೋ ಅಂಥ ಒಂದು ಪದ ಹೇಳಿ."

ಅವರು ಯೋಚಿಸಿದರು. "ಮೊದಲ್ನೇ ದಿನ ಸೇರಿಸಿದ್ದು ನಮ್ಮೂರ ಹೆಸರೇ. ಹೀಗೆ ಹೇಳು ಅನ್ನೋ ಕಡೆ ಕನ್ನಡದಲ್ಲಿ ಅಕ್ಕೂರು ಅಂತ ಸರಿಯಾಗಿ ಬರುದ್ರೂ ಆ ದನಿ 'ಅಕುರು' ಅಂತಿತ್ತು. ಅದಕ್ಕೆ ತಪ್ಪಾಗಿ ಬರ್ದೆ. ಅಕ್ಕ್, ಆಮೇಲೆ ಊರು. ಬೇರೆ ಬೇರೆ."

ಕಾಗುಣಿತ ತಪ್ಪು, ಕಿವಿಗೆ ಸರಿ. ಅಂಥ ತಪ್ಪನ್ನು ಇನ್ನೊಬ್ಬರು ಬರೆದಿರಲಾರರು. 'ಅಕ್ಕ್ ಊರು' ಎಂದು ಕೊಟ್ಟು ಹುಡುಕಾಟ ಶುರು ಮಾಡಿದೆ. ಅರ್ಧ ಗಂಟೆಗೂ ಹೆಚ್ಚು ಓಡಿತು. ಒಂದೂ ಸಿಗಲಿಲ್ಲ.

ಅದನ್ನು ಹೇಳುವುದು ಅಳಿಸಿದ್ದನ್ನು ಒಪ್ಪಿಕೊಂಡದ್ದಕ್ಕಿಂತ ಕಷ್ಟವಾಯಿತು. ತಮ್ಮ ಎದ್ದು ಹೋಗಿ ಬಾಲ್ಕನಿಯಲ್ಲಿ ನಿಂತ. ಟೀಚರ್ ಮಾತ್ರ ಕದಲಲಿಲ್ಲ. ಖಾಲಿ ಮೇಜಿನ ಮೇಲೆ, ಕೀಲಿಮಣೆ ಇರಬೇಕಾದ ಜಾಗದಲ್ಲಿ ಬೆರಳುಗಳನ್ನು ಇಟ್ಟರು. ಮೆಲ್ಲಗೆ ಒತ್ತತೊಡಗಿದರು. ಒಮ್ಮೆ, ಇನ್ನೊಮ್ಮೆ. ಬಲಗೈಯ ಕಿರುಬೆರಳು ಮೇಲಕ್ಕೆ ಹೋಗಿ ಬಂತು.

"ಜಾಗ ಬಿಟ್ಟಿಲ್ಲ ಅಕ್ಕ" ಎಂದರು. "ಕಿರುಬೆರಳು ಹೋಗ್ತಿದೆ. ಮಧ್ಯ ಗೀಟು ಹಾಕಿದೀನಿ, ಅಡ್ಡಗೀಟು."

'ಅಕ್ಕ್-ಊರು' ಎಂದು ಮತ್ತೆ ಕೊಟ್ಟೆ. ಐದು ನಿಮಿಷವಾಯಿತು, ಹತ್ತಾಯಿತು. ಹನ್ನೆರಡನೆಯ ನಿಮಿಷಕ್ಕೆ ಪರದೆಯ ಮೇಲೆ ಒಂದು ಸಾಲು ಬಿತ್ತು. ನಾನು ಅದನ್ನು ಗಟ್ಟಿಯಾಗಿ ಓದಿದೆ. ಆಮೇಲೆ ಇನ್ನೊಂದು ಬಿತ್ತು, ಮತ್ತೆ ಮೂರು ಒಟ್ಟಿಗೆ. ಕೊನೆಗೆ ಹದಿನೇಳು ಕಡೆ ಸಿಕ್ಕಿತು.

"ಒಂದೇ ಅಲ್ವಾ ಇರ್ಬೇಕಾಗಿದ್ದು?" ಎಂದರು ಟೀಚರ್. ಬಾಲ್ಕನಿಯಿಂದ ತಮ್ಮ ಒಳಗೆ ಬಂದಿದ್ದ.

ಒಂದೇ ಇರಬೇಕಿತ್ತು. ಆದರೆ ಅವರು ಹೊಸ ಹೆಸರು ಸೇರಿಸಿ ಉಳಿಸಿದಾಗಲೆಲ್ಲ ಆ ಫೈಲು ಡಿಸ್ಕಿನಲ್ಲಿ ಹೊಸ ಜಾಗಕ್ಕೆ ಬರೆಯಲ್ಪಟ್ಟು, ಹಳೆಯ ಪ್ರತಿ ಹಳೆಯ ಜಾಗದಲ್ಲೇ ಬಿದ್ದಿರಬೇಕು. ಮೊದಲ ವರ್ಷದ ತೊಂಬತ್ತು ಸಾಲಿನ ಪ್ರತಿ ಒಂದು ಕಡೆ, ಮೂರನೆಯ ವರ್ಷದ್ದು ಇನ್ನೊಂದು ಕಡೆ. ಕೆಲವದರ ತಲೆ ಇದೆ, ಬಾಲ ಇಲ್ಲ. ಕೆಲವದರ ನಡುವೆ ನಾನು ಹಾಕಿದ ವಿಂಡೋಸಿನ ತುಣುಕು ಬಂದು ಕೂತಿತ್ತು. ಪೂರ್ತಿ ಇದ್ದದ್ದು ಒಂದೂ ಇಲ್ಲ. ಎಲ್ಲವನ್ನೂ ಜೋಡಿಸಿದರೆ ಬಹುಪಾಲು ಬರಬಹುದು.

"ನಾಳೆ ಬತ್ತೀನಿ" ಎಂದರು ಟೀಚರ್, ನಾನು ಕೇಳುವ ಮೊದಲೇ.

ಅವರು ಹೋದ ಮೇಲೆ ಅವರ ಡಬ್ಬಕ್ಕೆ ನನ್ನ ಹತ್ತಿರವಿದ್ದ ಹೊಸ ಡಿಸ್ಕ್ ಹಾಕಿ ವಿಂಡೋಸನ್ನೂ ಓದುವ ತಂತ್ರಾಂಶವನ್ನೂ ಅವರ ಫೈಲುಗಳನ್ನೂ ಮತ್ತೊಮ್ಮೆ ಹಾಕಿದೆ. ಅರ್ಧ ಗಂಟೆಯಲ್ಲಿ ಮುಗಿಯಿತು. ಹಳೆಯ ಡಿಸ್ಕನ್ನು ಅವರ ಹೆಸರು ಬರೆದು ಬೀರುವಿನಲ್ಲಿ ಇಟ್ಟೆ.

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ತಮ್ಮ ಅವರನ್ನು ಬಿಟ್ಟು, ಸಂಜೆ ಬರುತ್ತೇನೆಂದು ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋದ. ನಾವಿಬ್ಬರೂ ಕೂತೆವು. ಹದಿನೇಳು ಚೂರುಗಳನ್ನು ನಾನು ಹದಿನೇಳು ಫೈಲುಗಳಾಗಿ ಮಾಡಿಕೊಂಡಿದ್ದೆ. ದನಿ ಓದುತ್ತದೆ, ಟೀಚರ್ ಕೇಳುತ್ತಾರೆ. ಅವರು ಇಟ್ಟುಕೊಳ್ಳುವ ವೇಗಕ್ಕೆ ನನಗೆ ಒಂದು ಪದವೂ ತಿಳಿಯುತ್ತಿರಲಿಲ್ಲ, ಜೀರುಂಡೆ ಕೂಗಿದಂತೆ ಕೇಳುತ್ತಿತ್ತು. "ಇಲ್ಲಿ ಕಟ್ಟಾಗಿದೆ" ಎನ್ನುತ್ತಿದ್ದರು. ನಾನು ಪರದೆಯಲ್ಲಿ ನೋಡಿದರೆ ನಿಜವಾಗಿಯೂ ಅಲ್ಲಿ ಅರ್ಧ ಅಕ್ಷರ, ಅದರ ಮುಂದೆ ಕಸ. ಕಣ್ಣಿನಿಂದ ಹುಡುಕಿದ್ದರೆ ನನಗೆ ಒಂದು ವಾರ ಬೇಕಾಗುತ್ತಿತ್ತು.

ಕೆಳಗೆ ಲೇತ್ ಓಡುತ್ತಿತ್ತು. ಒಂದೆರಡು ಕಡೆ ಟೀಚರ್ ತಲೆ ಬಗ್ಗಿಸಿ, ಕಿವಿಯನ್ನು ಸ್ಪೀಕರಿಗೆ ತಾಗುವಷ್ಟು ಹತ್ತಿರ ಇಟ್ಟುದನ್ನು ಕಂಡು ನಾನು ಕೆಳಗಿಳಿದೆ. ಅಬ್ಬಾನಿಗೆ ವಿಷಯ ಹೇಳಿದೆ. ಅವರು ಕಡೆಯುತ್ತಿದ್ದ ಗಿಲಕಿಯನ್ನು ಹಾಗೇ ಲೇತಿನಲ್ಲಿ ಬಿಟ್ಟು ಸ್ವಿಚ್ ಆರಿಸಿ, "ಟೀಚರಮ್ಮ ಮುಗಿಸೋವರ್ಗೂ ನಾನು ಬಣ್ಣದ ಕೆಲ್ಸ ನೋಡ್ಕೋತೀನಿ" ಎಂದರು. ಆ ದಿನ ಸಂಜೆಯವರೆಗೆ ನಮ್ಮ ಮನೆಯಲ್ಲಿ ಲೇತಿನ ಸದ್ದು ಇರಲಿಲ್ಲ.

ಮಧ್ಯಾಹ್ನದ ಮೇಲೆ ಒಂದು ಹಳೆಯ ಚೂರಿನಲ್ಲಿ ದನಿ ಒಬ್ಬ ಹುಡುಗನ ಹೆಸರು ಹೇಳಿದಾಗ ಟೀಚರ್ ಬೆರಳೆತ್ತಿ ನಿಲ್ಲಿಸಿದರು.

"ಇದು ಹೊಸ ಪ್ರತೀಲಿ ಇರಕ್ಕಿಲ್ಲ ಅಕ್ಕ. ನಾನೇ ತೆಗ್ದಿದ್ದೆ."

ಯಾಕೆಂದು ಕೇಳಿದೆ.

"ಹತ್ತನೇ ಕ್ಲಾಸಲ್ಲಿ ನನ್ನ ಸಬ್ಜೆಕ್ಟಲ್ಲೇ ಫೇಲಾದ. ಮೂರೇ ಮೂರು ಅಂಕ ಕಮ್ಮಿ ಬಿತ್ತು. ಮತ್ತೆ ಕಟ್ಟೋ ಅಂತ ಎಷ್ಟ್ ಹೇಳಿದ್ರೂ ಕಟ್ಲಿಲ್ಲ, ಈಗ ಹಾರೋಹಳ್ಳಿ ಫ್ಯಾಕ್ಟ್ರಿಗೆ ಹೋಗ್ತಾನೆ. ಅವನ ಹೆಸರು ಕೇಳುದ್ರೆ ಸಂಕಟ ಆಗೋದು. ಅದಕ್ಕೆ ತೆಗ್ದೆ." ಎತ್ತಿದ್ದ ಬೆರಳನ್ನು ಇಳಿಸಿ, "ಇರ್ಲಿ ಬಿಡಿ, ಈ ಸಲ ತೆಗೆಯೋದು ಬೇಡ. ಸೇರ್ಸಿ" ಎಂದರು.

ಸೇರಿಸಿದೆ.

ನಾಲ್ಕರ ಹೊತ್ತಿಗೆ ಸಾವಿರದ ಇನ್ನೂರಕ್ಕೂ ಹೆಚ್ಚು ಸಾಲುಗಳು ಒಂದೇ ಫೈಲಿಗೆ ಬಂದಿದ್ದವು. ಸಿಗದೆ ಉಳಿದವು ಹೆಚ್ಚಾಗಿ ಈ ವರ್ಷ ಸೇರಿಸಿದವು. ಅವನ್ನು ಪಡೆಯಲು ಟೀಚರೇ ಉಪಾಯ ಹೇಳಿದರು. ಈ ವರ್ಷದ ಹಾಜರಿ ಪಟ್ಟಿಯನ್ನು ಮೊದಲಿಂದ ಓದಿಸುವುದು, ದನಿ ಎಲ್ಲಿ ತಪ್ಪುತ್ತದೋ ಅಲ್ಲಿ ಹೊಸದಾಗಿ ಬರೆಯುವುದು. ಅದನ್ನು ಅವರೇ ಟೈಪ್ ಮಾಡಿದರು. ನಾನು ಪಕ್ಕದಲ್ಲಿ ಕೂತು ಕೇಳಿದೆ. ಒಂದೊಂದು ಹೆಸರಿಗೂ ಎರಡು ಮೂರು ಸಲ ಬರೆದು, ಕೇಳಿ, ತಲೆಯಲ್ಲಾಡಿಸಿ, ಅಳಿಸಿ, ಮತ್ತೆ ಬರೆಯುತ್ತಿದ್ದರು. ಸಾವಿರದ ಮುನ್ನೂರು ಸಾಲು ಎಂದರೆ ಎಷ್ಟು ಸಂಜೆಗಳು ಎಂಬುದು ನನಗೆ ತಿಳಿದದ್ದು ಆಗ.

ಸೋಮವಾರ ಇಡೀ ದಿನ ನನ್ನ ಗಮನವೆಲ್ಲ ಫೋನಿನ ಮೇಲಿತ್ತು. ಕಿಲುಬು ತೆಗೆದ ರ್‍ಯಾಮ್ ಮತ್ತೆ ಕೈಕೊಟ್ಟರೆ? ಜೋಡಿಸಿದ ಫೈಲಿನಲ್ಲಿ ಯಾವುದೋ ಹೆಸರು ಇನ್ನೊಂದಕ್ಕೆ ಅಂಟಿಕೊಂಡಿದ್ದರೆ? ಸಂಜೆ ಐದಕ್ಕೆ ಫೋನ್ ಬಂತು.

"ಆಯ್ತು ಅಕ್ಕ. ಎಪ್ಪತ್ತೆರಡು ಮಕ್ಕಳದ್ದೂ ಏರಿಸ್ದೆ. ವೆಬ್‌ಸೈಟ್ ಒಳಗೆ ಹೋಗೋವಾಗ ಒಂದು ಚಿತ್ರ ತೋರ್ಸಿ ಅದರಲ್ಲಿರೋ ಅಕ್ಷರ ಬರೀರಿ ಅಂತದಲ್ಲ, ಅದೊಂದನ್ನ ಮಾತ್ರ ಮಕ್ಕಳ ಕೈಲಿ ಓದುಸ್ದೆ. ಉಳಿದಿದ್ದೆಲ್ಲ ನಾನೇ. ಎಚ್ಚೆಮ್ ಹಿಂದೆ ನಿಂತ್ಕೊಂಡು ಒಂದೊಂದೂ ತಾಳೆ ನೋಡುದ್ರು. ಒಂದೂ ತಪ್ಪಿರ್ಲಿಲ್ಲ."

ಅವರ ದನಿಯ ಹಿಂದೆ ಬಸ್ಸಿನ ಹಾರನ್ ಕೇಳುತ್ತಿತ್ತು. ಫೋನಿಟ್ಟ ಮೇಲೆ ಕೆಳಗಿಳಿದು ಅಬ್ಬಾನಿಗೆ ಹೇಳಿದೆ. ಅವರು ಅಲ್ಹಮ್ದುಲಿಲ್ಲಾ ಎಂದು ಲೇತಿನ ಸ್ವಿಚ್ ಹಾಕಿದರು.

ಈಗ ನನ್ನ ಕೆಲಸದ ಕ್ರಮ ಬದಲಾಗಿದೆ. ಯಾರೇ ಕಂಪ್ಯೂಟರ್ ತಂದರೂ ಏನು ಬೇಕೆಂದು ಮೊದಲು ಕೇಳುವುದಿಲ್ಲ. ಕೂತು ನಿಮ್ಮ ಕೆಲಸ ಹೇಗೆ ಮಾಡುತ್ತೀರೋ ಸ್ವಲ್ಪ ಮಾಡಿ ತೋರಿಸಿ ಎನ್ನುತ್ತೇನೆ. ಕಂಪ್ಯೂಟರ್ ಚಾಲೂ ಆಗದಿದ್ದರೆ ಮಾತಿನಲ್ಲೇ ಮಾಡಿಸುತ್ತೇನೆ. ಮುಚ್ಚಿಟ್ಟ ಫೋಲ್ಡರನ್ನೂ ಸೇರಿಸಿ ಇಡೀ ಡಿಸ್ಕಿನ ನಕಲು ತೆಗೆಯುವವರೆಗೆ ಫಾರ್ಮ್ಯಾಟ್ ಒತ್ತುವುದಿಲ್ಲ. ಗಿರಾಕಿಗಳಿಗೆ ಇದು ವಿಳಂಬ. ಕೆಲವರು ಬೇಸರಪಟ್ಟು ಬೇರೆ ಅಂಗಡಿಗೆ ಹೋಗಿದ್ದೂ ಇದೆ.

ಎರಡು ವಾರದ ಮೇಲೆ ಟೀಚರ್ ಮತ್ತೆ ಬಂದರು, ಈ ಸಲ ಬಸ್ಸಿನಲ್ಲಿ, ಒಬ್ಬರೇ. ಕಂಪ್ಯೂಟರನ್ನು ಹುಳಿನ ಮನೆಯ ಪಕ್ಕದಿಂದ ನಡುಮನೆಗೆ ತಂದಿದ್ದಾರಂತೆ, ತಮ್ಮನೇ ಅದಕ್ಕೊಂದು ಹಲಗೆ ಹೊಡೆದು ಕೊಟ್ಟಿದ್ದಾನಂತೆ. ನಕಲು ಇಟ್ಟುಕೊಳ್ಳಲು ಒಂದು ಪೆನ್‌ಡ್ರೈವ್ ಕೊಂಡು, ಬ್ಯಾಗಿನಿಂದ ಬ್ರೈಲ್ ಹಲಗೆಯನ್ನೂ ದಪ್ಪ ಕಾಗದವನ್ನೂ ತೆಗೆದು ಮೇಜಿನ ಮೇಲಿಟ್ಟರು.

"ಆ ಡಿಕ್ಷನರಿ ಫೈಲು ಇರೋ ಜಾಗ ಹೇಳಿ ಅಕ್ಕ. ಒಂದೊಂದೇ ಅಕ್ಷರ. ನಿಧಾನಕ್ಕೆ."

ನಾನು ಹೇಳುತ್ತಾ ಹೋದೆ. ಡ್ರೈವಿನ ಹೆಸರು, ಅದರ ಒಳಗೆ ಅವರ ಹೆಸರು, ಅದರ ಒಳಗೆ ಮುಚ್ಚಿಟ್ಟ ಫೋಲ್ಡರ್, ಅದರ ಒಳಗೆ ಇನ್ನೊಂದು. ಅವರು ಮೊಳೆಯಿಂದ ಚುಕ್ಕಿ ಒತ್ತುತ್ತಾ ಬರೆದುಕೊಂಡರು. ಬರೆದು ಮುಗಿಸಿ, ಕಾಗದವನ್ನು ತಿರುಗಿಸಿ, ಬೆರಳಿನಿಂದ ಓದಿ ನನಗೆ ಒಪ್ಪಿಸಿದರು. ಎಲ್ಲೂ ತಪ್ಪಿರಲಿಲ್ಲ.

ಕಾಗದವನ್ನು ಮಡಚದೆ ಬ್ಯಾಗಿನೊಳಗೆ ಪುಸ್ತಕದ ನಡುವೆ ಇಟ್ಟುಕೊಂಡು ಎದ್ದರು. "ಇನ್ಮೇಲೆ ಯಾರಾದ್ರೂ ಏನ್ ಬೇಕು ಅಂತ ಕೇಳುದ್ರೆ, ಎಲ್ಲಾನೂ ಬೇಕು ಅನ್ನಲ್ಲ ಅಕ್ಕ" ಎಂದರು. "ಎಲ್ಲೈತೆ ಅಂತ ನಾನೇ ತೋರುಸ್ತೀನಿ."